ಸಿಸ್ಟರ್ ಹತ್ರ ಕೇಳಿ: ರಜೆ ಆರು ತಿಂಗಳು, ಹಾಲು ಮಾತ್ರ ನಾಲ್ಕೇ ತಿಂಗಳು ಯಾಕೆ?

ಆಗಸ್ಟ್ 1ರಿಂದ 7ರವರೆಗೆ ಎದೆಹಾಲಿನ ಸಪ್ತಾಹ. ಆಸ್ಪತ್ರೆಗಳಲ್ಲಿ ಬ್ಯಾನರ್ ಕಟ್ಟುತ್ತಾರೆ, ಭಾಷಣ ಮಾಡುತ್ತಾರೆ, ಬಾಣಂತಿಯರ ಜೊತೆ ಫೋಟೋ ತೆಗೆಯುತ್ತಾರೆ. ಈ ಸಲ ನನಗೆ ಬಂದ ಪತ್ರಗಳಲ್ಲಿ ಹಾಲಿಗಿಂತ ರಜೆಯ ಮಾತೇ ಜಾಸ್ತಿ. ನನಗೇನೂ ಆಶ್ಚರ್ಯ ಆಗಲಿಲ್ಲ. ಉಡುಪಿಯಲ್ಲಿ ಹೆರಿಗೆ ವಾರ್ಡಿನಲ್ಲಿ ಇದ್ದಷ್ಟು ಕಾಲವೂ, ಕೆಲಸಕ್ಕೆ ಹೋಗುವ ತಾಯಂದಿರು ಡಿಸ್ಚಾರ್ಜ್ ದಿನ ಕೇಳುತ್ತಿದ್ದದ್ದು ಇದನ್ನೇ: "ಸಿಸ್ಟರ್, ನಾನು ಡ್ಯೂಟಿಗೆ ಹೋದ ಮೇಲೆ ಮಗುವಿಗೆ ಏನು ಕೊಡುವುದು?" ಈ ತಿಂಗಳ ಕಾಲಂ ಪೂರ್ತಿ ಅದಕ್ಕೇ ಇರಲಿ.

ಪ್ರಶ್ನೆ: ನಮಸ್ತೆ ಸಿಸ್ಟರ್. ಮಂಗಳೂರಿನ ಒಂದು ಕಾರ್ ಶೋರೂಮಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಸಂಬಳ 26 ಸಾವಿರ, ಸೇರಿ ಎರಡು ವರ್ಷ ಆಯಿತು. ಒಟ್ಟು ಎಂಬತ್ತು ಜನ ಇದ್ದೇವೆ. ನನಗೀಗ ಆರು ತಿಂಗಳು, ಮೊದಲ ಮಗು. ನವೆಂಬರ್ ಕೊನೆಗೆ ಡೇಟ್ ಕೊಟ್ಟಿದ್ದಾರೆ. "ರೂಲ್ ಪ್ರಕಾರ ಎಂಟು ವಾರ ಮೊದಲೇ ರಜೆ ಹಾಕಬೇಕು, ಈಗಲೇ ಲೆಟರ್ ಕೊಡಿ" ಎನ್ನುತ್ತಾರೆ ಎಚ್‌ಆರ್‌ನವರು. ಅತ್ತೆಯೂ "ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವುದು ಬೇಡ, ಬೇಗ ರಜೆ ಹಾಕು" ಎನ್ನುತ್ತಾರೆ. ಡಾಕ್ಟರು ಮಾತ್ರ ಏನೂ ತೊಂದರೆ ಇಲ್ಲ, ಹೋಗಬಹುದು ಎಂದಿದ್ದಾರೆ. ನಾನು ಯಾರ ಮಾತು ಕೇಳಲಿ? ವಾಪಸ್ ಹೋದ ಮೇಲೆ ಹಾಲಿಗೆ ಏನು ಮಾಡಲಿ?
– ಹೆಸರು ಬೇಡ, ಸುರತ್ಕಲ್

ಉತ್ತರ: ಮೊದಲು ಎಚ್‌ಆರ್‌ನವರ ರೂಲ್ ನೋಡೋಣ. ಹಾಗೊಂದು ರೂಲ್ ಇಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಯಿತು. ಅಲ್ಲಿಯವರೆಗೆ 12 ವಾರ ಇದ್ದ ಸಂಬಳದ ರಜೆ ಮೊದಲ ಎರಡು ಮಕ್ಕಳಿಗೆ 26 ವಾರಕ್ಕೆ ಏರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅಷ್ಟೇ ಇದೆ. ಈ 26ರಲ್ಲಿ ಹೆರಿಗೆಗೆ ಮೊದಲು 8 ವಾರದವರೆಗೆ ತೆಗೆದುಕೊಳ್ಳಬಹುದು. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ, ಅಷ್ಟೇ. ಎಂಟೂ ವಾರ ಮೊದಲೇ ಮುಗಿಸಿ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ಈಗ ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ. ಸೆಪ್ಟೆಂಬರ್ ಕೊನೆಗೆ ರಜೆ ಶುರು ಮಾಡಿದರೆ ಹೆರಿಗೆ ಆದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು 18 ವಾರ. ಮಾರ್ಚ್ ಕೊನೆಗೆ ವಾಪಸ್. ಮಾರ್ಚ್ ಕೊನೆ ಅಂದರೆ ಅಕೌಂಟ್ಸಿನಲ್ಲಿ ಏನು ಗಡಿಬಿಡಿ ಇರುತ್ತದೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ಮಗುವಿಗೆ ಆಗ ನಾಲ್ಕು ತಿಂಗಳು. ಅದೇ ನವೆಂಬರ್ ಮಧ್ಯದವರೆಗೆ ಕೆಲಸ ಮಾಡಿದರೆ ಹೆರಿಗೆ ನಂತರ 24 ವಾರ ಸಿಗುತ್ತದೆ. ಮೇ ಮಧ್ಯಕ್ಕೆ ವಾಪಸ್, ಮಗುವಿಗೆ ಐದೂವರೆ ತಿಂಗಳು. ನಿಮ್ಮ ಲೆಕ್ಕದಲ್ಲಿ ಉಳಿದಿರುವ ಬೇರೆ ರಜೆಯನ್ನು ಎರಡು ವಾರ ಸೇರಿಸಿದರೆ ಆರು ತಿಂಗಳು ಭರ್ತಿ.

ಆರು ತಿಂಗಳು ಯಾಕೆ ಅಂದರೆ, ಅಲ್ಲಿಯವರೆಗೆ ಮಗುವಿಗೆ ಎದೆಹಾಲು ಮಾತ್ರ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೀರೂ ಬೇಡ. ಔಷಧಿ, ವಿಟಮಿನ್ ಹನಿ, ಓಆರ್‌ಎಸ್ ಇವುಗಳಿಗೆ ಅಡ್ಡಿ ಇಲ್ಲ. ಆರು ತಿಂಗಳಿಗೆ ಬೇರೆ ಆಹಾರ ಶುರು ಮಾಡಿ, ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾಲು ಮುಂದುವರಿಸಬೇಕು. 26 ವಾರ ಅಂದರೆ ಸುಮಾರು ಆರು ತಿಂಗಳೇ. ಆದರೆ ಹೆರಿಗೆಯ ದಿನದಿಂದ ಎಣಿಸಿದರೆ ಮಾತ್ರ!

ನಾಲ್ಕು ತಿಂಗಳಿಗೆ ಡ್ಯೂಟಿಗೆ ಹೋಗುವವರ ಮನೆಯಲ್ಲಿ ಎದೆಹಾಲು ಕಡಿಮೆ ಆಗುವುದು ನಾಲ್ಕಕ್ಕಲ್ಲ, ಮೂರಕ್ಕೇ. "ಇನ್ನೊಂದು ತಿಂಗಳಿಗೆ ಹೊರಡಬೇಕಲ್ವಾ, ಈಗಲೇ ಅಭ್ಯಾಸ ಆಗಲಿ" ಎಂದು ಪುಡಿ ಹಾಲಿನ ಬಾಟಲಿ ಬರುತ್ತದೆ. ಮಗು ಬಾಟಲಿ ಕುಡಿದಷ್ಟು ಎದೆ ಚೀಪುವುದು ಕಡಿಮೆ. ಚೀಪುವುದು ಕಡಿಮೆ ಆದಷ್ಟು ಹಾಲು ಬರುವುದೂ ಕಡಿಮೆ. ಆಮೇಲೆ "ನನಗೆ ಹಾಲೇ ಇಲ್ಲ ಸಿಸ್ಟರ್" ಎಂದು ಅಳುತ್ತಾ ಬರುತ್ತಾರೆ. ಹಾಲಿತ್ತು ಮಾರಾಯ್ತಿ. ರಜೆಯ ಲೆಕ್ಕ ಅದನ್ನು ಬತ್ತಿಸಿತು.

ಹಾಗೆಂದು ವಾರ ಉಳಿಸುವ ಆಸೆಗೆ ಜೀವ ಒತ್ತೆ ಇಡಬೇಡಿ. ಬಿಪಿ ಏರಿದರೆ, ಮುಖ ಕೈ ಊದಿಕೊಂಡರೆ, ರಕ್ತ ಕಂಡರೆ, ಮಗುವಿನ ಓಡಾಟ ಕಡಿಮೆ ಅನಿಸಿದರೆ ಆ ದಿನವೇ ಆಸ್ಪತ್ರೆಗೆ. ಮತ್ತೆ ರಜೆ ಬಗ್ಗೆ ಡಾಕ್ಟರು ಹೇಳಿದ್ದೇ ಕೊನೆ. ಗರ್ಭ, ಹೆರಿಗೆ ಅಥವಾ ತಿಂಗಳು ತುಂಬದ ಹೆರಿಗೆಯಿಂದ ಕಾಯಿಲೆ ಆದರೆ ಸರ್ಟಿಫಿಕೇಟ್ ಮೇಲೆ ಇನ್ನೊಂದು ತಿಂಗಳು ಸಂಬಳದ ರಜೆ ಕೇಳುವ ಹಕ್ಕು ಬೇರೆ ಇದೆ. ನಿಮ್ಮ ಅತ್ತೆ ಬಸ್ಸಿನ ಬಗ್ಗೆ ಹೇಳುವುದರಲ್ಲಿ ಸತ್ಯ ಇದೆ. ಬೆಳಿಗ್ಗೆ ಎಂಟೂವರೆಯ ಬಸ್ಸು ಎಂಥದ್ದು ಎಂದು ಆ ದಾರಿಯಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಕೊನೆಯ ಎರಡು ತಿಂಗಳು ಒಂದು ಗಂಟೆ ತಡವಾಗಿ ಬಂದು ತಡವಾಗಿ ಹೊರಡಲು ಅನುಮತಿ ಕೇಳಿ. ರಜೆ ಬೇಗ ಹಾಕುವುದಕ್ಕಿಂತ ಇದು ಒಳ್ಳೆಯ ದಾರಿ.

ಹಣದ ವಿಷಯ. ಹೆರಿಗೆ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು, ನೀವು ಅರ್ಹರು. ರಜೆಗೆ ಮುಂಚಿನ ಮೂರು ತಿಂಗಳ ಸರಾಸರಿಯಂತೆ ಪೂರ್ತಿ ಸಂಬಳ ಸಿಗಬೇಕು. ಹೆರಿಗೆಗೆ ಮೊದಲಿನ ಅವಧಿಯದ್ದು ಮುಂಗಡವಾಗಿ, ಉಳಿದದ್ದು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ. ನಿಮ್ಮ ಸಂಬಳ 21 ಸಾವಿರ ದಾಟಿದೆ, ಹಾಗಾಗಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಇಲ್ಲ, ಕಂಪನಿಯೇ ಕೊಡಬೇಕು. ರಜೆಯ ತಾರೀಕು ಬರೆದು ಲೆಟರ್ ಕೊಡಿ, ಒಂದು ಕಾಪಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. ಹೆದರಿಸಿದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ವಕೀಲರ ಫೀಸಿನ ಚಿಂತೆ ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಉಂಟು, ಫೋನ್ 15100.

ವಾಪಸ್ ಹೋದ ಮೇಲೆ ಏನು? ಮಗುವಿಗೆ 15 ತಿಂಗಳು ಆಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡುವ ಬಿಡುವು ಕೊಡಬೇಕು. ಊಟದ ಬಿಡುವು ಬೇರೆ, ಇದು ಬೇರೆ. 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು. ನಿಮ್ಮಲ್ಲಿ ಎಂಬತ್ತು ಜನ, ಹಾಗಾಗಿ ಕೇಳಿ. ಆದರೆ ಸತ್ಯ ಹೇಳುತ್ತೇನೆ. ಕೇಂದ್ರ ಇದ್ದರೂ ಐದೂವರೆ ತಿಂಗಳ ಮಗುವನ್ನು ಎತ್ತಿಕೊಂಡು ಸುರತ್ಕಲ್‌ನಿಂದ ಆ ಬಸ್ಸು ಹತ್ತುವವರು ಯಾರು? ಬೆಂಗಳೂರಿನ ದೊಡ್ಡ ಕ್ಯಾಂಪಸ್ಸುಗಳಿಗೆ ಕ್ಯಾಬಿನಲ್ಲಿ ಬರುವವರಿಗೆ ಈ ನಿಯಮ ಚೆನ್ನಾಗಿ ಹೊಂದುತ್ತದೆ. ನಮ್ಮಂಥ ಊರಿನಲ್ಲಿ ಮಗು ಅಜ್ಜಿಯ ಹತ್ತಿರ ಇರುತ್ತದೆ. ಆದ್ದರಿಂದ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಇನ್ನೆರಡು. ಒಂದು, ನಿಮ್ಮ ಕೆಲಸ ಮನೆಯಿಂದ ಆಗುವಂಥದ್ದಾದರೆ ರಜೆ ಮುಗಿದ ಮೇಲೆ ಸ್ವಲ್ಪ ಕಾಲ ಹಾಗೆ ಮಾಡಲು ಒಪ್ಪಂದ ಮಾಡಿಕೊಳ್ಳಬಹುದು. ಕಾಯ್ದೆಯಲ್ಲೇ ಆ ದಾರಿ ಇದೆ, ಅಕೌಂಟ್ಸ್ ಅದಕ್ಕೆ ಹೇಳಿ ಮಾಡಿಸಿದ ಕೆಲಸ. ಇನ್ನೊಂದು, ಹಾಲು ತೆಗೆದಿಡಲು ಚಿಲಕ ಇರುವ ಒಂದು ರೂಮು. ರೆಕಾರ್ಡ್ ರೂಮಾದರೂ ಸರಿ. ಟಾಯ್ಲೆಟ್ ತೋರಿಸಿದರೆ ಒಪ್ಪಬೇಡಿ. ಅವರು ಅಲ್ಲಿ ಕೂತು ಊಟ ಮಾಡುತ್ತಾರಾ ಕೇಳಿ.

ಹಾಲು ತೆಗೆಯುವುದನ್ನು ಡ್ಯೂಟಿಗೆ ಸೇರುವ ಎರಡು ವಾರ ಮೊದಲೇ ಕಲಿಯಿರಿ. ಕೈಯಲ್ಲೇ ಹಿಂಡಬಹುದು, ಪಂಪ್ ಬೇಕೆಂದೇನೂ ಇಲ್ಲ. ಹೆಬ್ಬೆರಳು ಮತ್ತು ತೋರುಬೆರಳನ್ನು ಕಪ್ಪು ಭಾಗದ ಅಂಚಿನಲ್ಲಿಟ್ಟು, ಮೊದಲು ಎದೆಯ ಕಡೆಗೆ ಒತ್ತಿ, ಆಮೇಲೆ ಬೆರಳು ಸೇರಿಸಿ ಅದುಮಬೇಕು. ಬರೀ ತೊಟ್ಟು ಎಳೆದರೆ ನೋವು ಮಾತ್ರ ಬರುತ್ತದೆ. ಆಫೀಸಿನಲ್ಲಿ ಮೂರು ಗಂಟೆಗೊಮ್ಮೆ ತೆಗೆಯಿರಿ. ಇಲ್ಲದಿದ್ದರೆ ಎದೆ ಕಲ್ಲಿನಂತೆ ಗಟ್ಟಿಯಾಗಿ ಜ್ವರ ಬರುತ್ತದೆ. ಅದಕ್ಕಿಂತ ಕೆಟ್ಟದ್ದು ಏನೆಂದರೆ, ಖಾಲಿ ಆಗದ ಎದೆಯಲ್ಲಿ ಹಾಲು ತಯಾರಾಗುವುದೂ ನಿಧಾನ ಆಗುತ್ತದೆ.

ತೆಗೆದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ ಇರುತ್ತದೆ. ನೀವು ಸೇರುವುದು ಮೇ ತಿಂಗಳಲ್ಲಿ. ನಮ್ಮ ಸೆಖೆಯಲ್ಲಿ ಆ ನಾಲ್ಕು ಗಂಟೆಯನ್ನು ನಂಬಬೇಡಿ, ತೆಗೆದ ಕೂಡಲೇ ಫ್ರಿಜ್ಜಿಗೆ ಇಡಿ. ಅಲ್ಲಿ ನಾಲ್ಕು ದಿನ ಇರುತ್ತದೆ. ಬಾಗಿಲಿನ ತಟ್ಟೆಯಲ್ಲಿ ಬೇಡ, ಒಳಗೆ ಹಿಂದುಗಡೆ ಇಡಿ. ಬಸ್ಸಿನಲ್ಲಿ ತರಲು ಐಸ್ ಪ್ಯಾಕ್ ಹಾಕಿದ ಚೀಲ ಸಾಕು. ಜೂನ್ ಬಂದರೆ ಕರೆಂಟ್ ಹೋಗುತ್ತದೆ, ಅದೂ ನೆನಪಿರಲಿ. ತುಂಬಾ ಹೊತ್ತು ಕರೆಂಟ್ ಇಲ್ಲದೆ ಹಾಲಿನ ತಂಪು ಬಿಟ್ಟಿದ್ದರೆ ಮತ್ತೆ ತಂಪು ಮಾಡಿ ಇಡಬೇಡಿ. ಮನೆಗೆ ಬಂದ ಮೇಲೆ, ರಾತ್ರಿ, ಬೆಳಿಗ್ಗೆ, ಭಾನುವಾರ ಎದೆಯಿಂದಲೇ ಕುಡಿಸಿ. ರಾತ್ರಿ ಕುಡಿಸುವುದನ್ನು ನಿಲ್ಲಿಸಲೇಬೇಡಿ. ಹಾಲು ತಯಾರು ಮಾಡುವ ಹಾರ್ಮೋನು ರಾತ್ರಿಯೇ ಜಾಸ್ತಿ.

ಪ್ರಶ್ನೆ: ಮೇಡಂ, ನನ್ನದು ಬೇಕರಿ. ಹದಿನಾಲ್ಕು ಜನ ಇದ್ದಾರೆ, ಅದರಲ್ಲಿ ಐದು ಜನ ಹುಡುಗಿಯರು. ಸಂಬಳ 16 ಸಾವಿರದ ಸುತ್ತ. ಈಗ ಒಬ್ಬಳು ಹೆರಿಗೆ ರಜೆ ಕೇಳುತ್ತಿದ್ದಾಳೆ. ತಿಂಗಳು ತಿಂಗಳು ಇಎಸ್‌ಐಗೂ ಕಟ್ಟಬೇಕು, ಇದನ್ನೂ ಕೊಡಬೇಕು ಅಂದರೆ ನಾವು ಬದುಕುವುದು ಹೇಗೆ? ಆರು ತಿಂಗಳು ಮನೆಯಲ್ಲಿ ಕೂತರೆ ಮಗುವಿಗೆ ನಿಜಕ್ಕೂ ಲಾಭ ಇದೆ ಎಂದು ಯಾರಾದರೂ ಲೆಕ್ಕ ಹಾಕಿದ್ದಾರಾ?
– ಬೇಕರಿ ಮಾಲೀಕ, ಕುಂದಾಪುರ

ಉತ್ತರ: ನಿಮ್ಮ ಪತ್ರ ಓದಿ ನನಗೆ ಖುಷಿ ಆಯಿತು. ಸುಮ್ನೆ ಹೇಳುತ್ತಿಲ್ಲ. ಹುಡುಗಿಯನ್ನು ತೆಗೆದುಹಾಕುವ ಮೊದಲು ಕೇಳಿದ್ದೀರಲ್ಲ.

ಇಎಸ್‌ಐ ಕಟ್ಟುತ್ತಿದ್ದರೆ ರಜೆಯ ಸಂಬಳ ನೀವು ಕೊಡಬೇಕಾಗಿಲ್ಲ ಮಾರಾಯ್ರೆ! ಇಎಸ್‌ಐ ಕೊಡುತ್ತದೆ. 26 ವಾರವೂ ಸರಾಸರಿ ಕೂಲಿಯ ಪೂರ್ತಿ ಮೊತ್ತ ನೇರ ಅವಳ ಖಾತೆಗೆ ಬರುತ್ತದೆ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳಿನದು) 70 ದಿನದ ವಂತಿಗೆ ಕಟ್ಟಿರಬೇಕು ಎಂಬುದು ಶರತ್ತು. 16 ಸಾವಿರ ಸಂಬಳಕ್ಕೆ ಅವಳ ಪಾಲು ಶೇಕಡ 0.75ರಂತೆ 120 ರೂಪಾಯಿ, ನಿಮ್ಮ ಪಾಲು ಶೇಕಡ 3.25ರಂತೆ 520 ರೂಪಾಯಿ. ಇಷ್ಟು ದಿನ ನೀವು ಕಟ್ಟಿದ್ದು ಇಂಥ ಹೊತ್ತಿಗೇ. ನೀವು ಮಾಡಬೇಕಾದದ್ದು ಅವಳ ಅರ್ಜಿಗೆ ಬೇಕಾದ ಕಾಗದ ಸರಿ ಮಾಡಿಕೊಡುವುದು, ಆರು ತಿಂಗಳಿಗೆ ಕೌಂಟರಿಗೆ ಇನ್ನೊಬ್ಬರನ್ನು ಹುಡುಕುವುದು, ಅವಳ ಜಾಗ ಅವಳಿಗೇ ಇಡುವುದು.

ಮಗುವಿಗೆ ಲಾಭ ಇದೆಯಾ ಎಂದು ಕೇಳಿದಿರಿ. ಲೆಕ್ಕ ಹಾಕಿದ್ದಾರೆ. 38 ಬಡ ಮತ್ತು ಮಧ್ಯಮ ಆದಾಯದ ದೇಶಗಳ ಅಂಕಿ ಅಂಶ ಇಟ್ಟುಕೊಂಡು ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದವರು ಮಾಡಿದ ಅಧ್ಯಯನ 2018ರಲ್ಲಿ ಬಂತು. ಕಾನೂನಿನಲ್ಲಿ ಸಂಬಳದ ಹೆರಿಗೆ ರಜೆ ಒಂದು ತಿಂಗಳು ಹೆಚ್ಚಾದಲ್ಲಿ, ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲು ಕುಡಿಯುವವರು ನೂರಕ್ಕೆ ಸುಮಾರು ಆರು ಮಂದಿಯಷ್ಟು ಹೆಚ್ಚಾದರು. ಒಟ್ಟು ಹಾಲು ಕುಡಿಸುವ ಕಾಲವೂ ಎರಡು ತಿಂಗಳಿಗಿಂತ ಹೆಚ್ಚು ಉದ್ದವಾಯಿತು. ಕೆನಡಾದಲ್ಲೇ 2000ದ ಕೊನೆಯಲ್ಲಿ ರಜೆಯನ್ನು ಸುಮಾರು ಆರು ತಿಂಗಳಿಂದ ಒಂದು ವರ್ಷಕ್ಕೆ ಏರಿಸಿದಾಗ, ತಾಯಂದಿರು ಸರಾಸರಿ ಒಂದು ತಿಂಗಳಿಗಿಂತ ಹೆಚ್ಚು ಕಾಲ ಜಾಸ್ತಿ ಹಾಲು ಕುಡಿಸಿದರು. ಅಮೆರಿಕದ 1993ರ ಕೇಂದ್ರ ಕಾಯ್ದೆ ಕೊಡುವುದು 12 ವಾರ, ಅದೂ ಸಂಬಳ ಇಲ್ಲದೆ. ಸಂಬಳ ಇಲ್ಲದ ರಜೆಯನ್ನು ಬಡವರು ಪೂರ್ತಿ ಬಳಸುವುದು ಎಲ್ಲೂ ಕಷ್ಟ. ನಿಮ್ಮ ಹುಡುಗಿಗೆ ಸಂಬಳ ಇಲ್ಲದ ಆರು ತಿಂಗಳು ಕೊಟ್ಟು ನೋಡಿ, ಎರಡನೇ ತಿಂಗಳಿಗೆ ಬೇರೆ ಅಂಗಡಿಯಲ್ಲಿ ನಿಂತಿರುತ್ತಾಳೆ.

ನಮ್ಮ ದೇಶದ ಲೆಕ್ಕವನ್ನೂ ಹೇಳುತ್ತೇನೆ, ಆದರೆ ಎಚ್ಚರಿಕೆಯಿಂದ ಓದಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಆರು ತಿಂಗಳೊಳಗೆ ಬರೀ ಎದೆಹಾಲು ಕುಡಿಯುವ ಮಕ್ಕಳು 2015-16ರಲ್ಲಿ ಶೇಕಡ 54.9 ಇದ್ದರು, 2019-21ರಲ್ಲಿ 63.7 ಆದರು. ನಡುವೆ 2017ರ ತಿದ್ದುಪಡಿ ಬಂದಿದೆ ನಿಜ. ಆದರೆ ಅದರಿಂದಲೇ ಏರಿತು ಎಂದು ಹೇಳಲು ನನಗೆ ಮನಸ್ಸಿಲ್ಲ. ಆ ಕಾಯ್ದೆ ಮುಟ್ಟುವುದು ನಮ್ಮ ತಾಯಂದಿರಲ್ಲಿ ಸ್ವಲ್ಪ ಜನರನ್ನು ಮಾತ್ರ. ಹೊಲದಲ್ಲಿ, ಮನೆಯಲ್ಲಿ, ಮೀನು ಮಾರುವಲ್ಲಿ ದುಡಿಯುವವರಿಗೆ ಅದು ತಲುಪಿಲ್ಲ.

ಎದೆಹಾಲು ಕುಡಿದ ಮಕ್ಕಳಲ್ಲಿ ಭೇದಿ, ನ್ಯುಮೋನಿಯಾ, ಕಿವಿಯ ಸೋಂಕು ಕಡಿಮೆ. ಅಂದರೆ ಆಸ್ಪತ್ರೆಗೆ ಹೋಗಬೇಕು ಎಂದು ತಾಯಿ ದಿಢೀರ್ ರಜೆ ಹಾಕುವುದೂ ಕಡಿಮೆ. ತಾಯಿಗೂ ಸ್ತನದ ಮತ್ತು ಅಂಡಾಶಯದ ಕ್ಯಾನ್ಸರ್ ಅಪಾಯ ತಗ್ಗುತ್ತದೆ.

ನಿಮ್ಮ ದೂರಿನಲ್ಲಿ ಒಂದು ಮಾತು ನನಗೆ ಸರಿ ಕಂಡಿತು. 21 ಸಾವಿರಕ್ಕಿಂತ ಹೆಚ್ಚು ಸಂಬಳದವರಿಗೆ ಪೂರ್ತಿ ಭಾರ ಮಾಲೀಕನ ಮೇಲೇ ಬೀಳುತ್ತದೆ. ಬಹಳ ದೇಶಗಳಲ್ಲಿ ಇದಕ್ಕೆ ಎಲ್ಲರೂ ಸೇರಿ ಕಟ್ಟುವ ನಿಧಿ ಇರುತ್ತದೆ. ಹೆರಿಗೆ ರಜೆಯ ಖರ್ಚು ಒಬ್ಬ ಮಾಲೀಕನ ತಲೆ ಮೇಲೆ ಬೀಳಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ಒಪ್ಪಂದವೂ ಹೇಳುತ್ತದೆ. ಇಲ್ಲಿ ಹಾಗಾಗದೆ, ಕೆಲವರು ಇಂಟರ್ವ್ಯೂನಲ್ಲೇ "ಮದುವೆ ಯಾವಾಗ?" ಎಂದು ಕೇಳಲು ಶುರು ಮಾಡಿದ್ದಾರೆ. ನೀವು ಆ ಸಾಲಿಗೆ ಸೇರಬೇಡಿ.

ಪ್ರಶ್ನೆ: ಸಿಸ್ಟರ್, ನಾವು ಮನೆಯಲ್ಲಿ ಬೀಡಿ ಕಟ್ಟುವವರು. ನಮಗೆಂಥ ರಜೆ? ಮಗುವಿಗೆ ಎರಡು ತಿಂಗಳು. ಬ್ರಾಂಚಿಗೆ ಬೀಡಿ ಕೊಡದಿದ್ದರೆ ದುಡ್ಡಿಲ್ಲ. ಕಟ್ಟುತ್ತಾ ಕೂತರೆ ಮಗುವಿಗೆ ಸರಿಯಾಗಿ ಕುಡಿಸಲು ಆಗುವುದಿಲ್ಲ. ಪಕ್ಕದ ಮನೆಯವರು ದನದ ಹಾಲು ಕೊಡು ಎನ್ನುತ್ತಾರೆ.
– ಬಂಟ್ವಾಳ ತಾಲೂಕಿನಿಂದ

ಉತ್ತರ: ದನದ ಹಾಲು ಬೇಡ. ವರ್ಷ ತುಂಬುವವರೆಗೆ ಅದು ಎದೆಹಾಲಿನ ಬದಲಿಗೆ ಆಗುವುದಿಲ್ಲ.

ಮನೆಯಲ್ಲೇ ಇರುವವರಿಗೆ ಹಾಲು ಕುಡಿಸುವುದು ಸುಲಭ ಎಂದು ಪೇಟೆಯವರು ತಿಳಿದುಕೊಂಡಿದ್ದಾರೆ. ಸಾವಿರ ಬೀಡಿಯ ಲೆಕ್ಕ ಎದುರಿಗಿದ್ದರೆ ಮಗು ಅತ್ತಾಗ "ಇದೊಂದು ಕಟ್ಟು ಮುಗಿಯಲಿ" ಅನಿಸುವುದು ಸಹಜ. ನಿಮಗೂ ರಜೆಯೇ ಬೇಕಾದದ್ದು. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಹೆರಿಗೆ ಸೌಲಭ್ಯದೊಳಗೆ ಸೇರಿಸಿತ್ತು. ಬಹಳ ಜನರಿಗೆ ಇದು ಗೊತ್ತೇ ಇಲ್ಲ. ನಿಮ್ಮ ಹೆಸರಿನಲ್ಲಿ ಪಾಸ್ ಪುಸ್ತಕ, ಪಿಎಫ್ ಇದ್ದರೆ ಅದನ್ನು ಹಿಡಿದುಕೊಂಡು ಬೀಡಿ ಕಾರ್ಮಿಕರ ಸಂಘದವರ ಹತ್ತಿರ ಹೋಗಿ, ಕೇಳಿ. ಪುಸ್ತಕ ಅತ್ತೆಯ ಹೆಸರಿನಲ್ಲಿದ್ದು ಕಟ್ಟುವವರು ನೀವಾದರೆ ಕಷ್ಟ. ನಮ್ಮ ಕಡೆ ಹೆಚ್ಚಾಗಿ ಆಗಿರುವುದೂ ಹಾಗೆಯೇ.

ಮೊದಲ ಮಗುವಾದರೆ ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ 5,000 ರೂಪಾಯಿ ಬರುತ್ತದೆ. ಎರಡನೆಯದು ಹೆಣ್ಣಾದರೆ 6,000. ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಟೀಚರ್ ಅರ್ಜಿ ಹಾಕಿಸುತ್ತಾರೆ. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣದಲ್ಲಿ ಬಸುರಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಿಂದ ಊಟ ಉಂಟು, ನಾಚಿಕೆ ಬಿಟ್ಟು ಪಡೆಯಿರಿ. 5,000 ರೂಪಾಯಿಯನ್ನು 26 ವಾರದ ಸಂಬಳದ ಪಕ್ಕದಲ್ಲಿಟ್ಟು ನೋಡಿದರೆ ನನಗೆ ಬೇಸರವೇ ಆಗುತ್ತದೆ. ಆದರೂ ಬಿಡಬೇಡಿ.

ಹೊಗೆಸೊಪ್ಪಿನ ಹುಡಿ ಮಗುವಿನ ಹತ್ತಿರ ಬರಬಾರದು. ಕಟ್ಟುವ ಜಾಗ ಬೇರೆ, ತೊಟ್ಟಿಲ ಜಾಗ ಬೇರೆ ಇರಲಿ. ಕುಡಿಸುವ ಮೊದಲು ಮೊಣಕೈವರೆಗೆ ಸೋಪಿನಲ್ಲಿ ತೊಳೆಯಿರಿ. ಕಟ್ಟುವಾಗ ಮೇಲೆ ಹಳೆಯ ಶರ್ಟ್ ಹಾಕಿಕೊಂಡು, ಕುಡಿಸುವಾಗ ತೆಗೆದಿಡಿ. ಎಲೆ ಕತ್ತರಿಸುವ ಕೆಲಸ ಮನೆಯಲ್ಲಿ ಬೇರೆಯವರು ಮಾಡಲಿ. ಗಂಡಸರಿಗೂ ಕತ್ತರಿ ಹಿಡಿಯಲು ಬರುತ್ತದೆ.

ಪ್ರಶ್ನೆ: ಸಿಸ್ಟರೇ, ನಾಲ್ಕು ಮಕ್ಕಳನ್ನು ಸಾಕಿದವಳು ನಾನು. ಸೊಸೆ ಬ್ಯಾಂಕಿಗೆ ಹೋಗುತ್ತಾಳೆ. ಮೊಮ್ಮಗನಿಗೆ ನಾಲ್ಕೂವರೆ ತಿಂಗಳು. ಎದೆಹಾಲು ತೆಗೆದು ಫ್ರಿಜ್ಜಿನಲ್ಲಿ ಇಟ್ಟು ಹೋಗುತ್ತಾಳೆ, "ಇದನ್ನೇ ಕೊಡಿ ಅತ್ತೆ, ಬೇರೇನೂ ಬೇಡ" ಎನ್ನುತ್ತಾಳೆ. ತಂಗಳು ಹಾಲು ಮಗುವಿಗೆ ಕೊಡುವುದಾ? ಮೇಲೆ ಕೆನೆ ಕಟ್ಟಿರುತ್ತದೆ, ಏನೋ ವಾಸನೆ ಬೇರೆ. ನಾವೆಲ್ಲ ನಾಲ್ಕು ತಿಂಗಳಿಗೇ ರಾಗಿ ಮಣ್ಣಿ ಕೊಟ್ಟವರು.
– ಅಜ್ಜಿ, ಕಾರ್ಕಳ

ಉತ್ತರ: ಅಮ್ಮಾ, ನಿಮ್ಮ ಸೊಸೆ ಮಾಡುತ್ತಿರುವುದು ಸುಲಭದ ಕೆಲಸ ಅಲ್ಲ. ಬ್ಯಾಂಕಿನ ಗಲಾಟೆಯ ಮಧ್ಯೆ ಎದ್ದು ಹೋಗಿ ಹಾಲು ತೆಗೆದು ತರುತ್ತಾಳೆ ಅಂದರೆ ಅವಳ ಹಟ ಎಷ್ಟಿರಬೇಕು ನೋಡಿ. ಅದು ಉಳಿಯುವುದು, ಬಿಡುವುದು ಈಗ ನಿಮ್ಮ ಕೈಯಲ್ಲಿದೆ.

ಫ್ರಿಜ್ಜಿನ ಎದೆಹಾಲು ತಂಗಳಲ್ಲ. ಇಟ್ಟ ಹಾಲಿನಲ್ಲಿ ಕೊಬ್ಬು ಮೇಲೆ ತೇಲುತ್ತದೆ, ಮೆಲ್ಲಗೆ ಅಲ್ಲಾಡಿಸಿದರೆ ಸೇರುತ್ತದೆ. ಸ್ವಲ್ಪ ಸೋಪಿನಂಥ ವಾಸನೆ ಬಂದರೂ ಹೆದರಬೇಡಿ, ಹಾಲಿನಲ್ಲೇ ಇರುವ ಒಂದು ಕಿಣ್ವದಿಂದ ಹಾಗಾಗುತ್ತದೆ. ಹುಳಿ ವಾಸನೆ ಬಂದರೆ ಮಾತ್ರ ಚೆಲ್ಲಿ. ಒಲೆ ಮೇಲೆ ಕಾಯಿಸಬೇಡಿ. ಬಿಸಿನೀರಿನ ಪಾತ್ರೆಯೊಳಗೆ ಹಾಲಿನ ಲೋಟ ಇಟ್ಟರೆ ಸಾಕು. ಒಂದು ಸಲಕ್ಕೆ ಸ್ವಲ್ಪವೇ ತೆಗೆಯಿರಿ, ಮಗು ಬಾಯಿ ಹಾಕಿ ಉಳಿಸಿದ್ದನ್ನು ಎರಡು ಗಂಟೆ ಕಳೆದ ಮೇಲೆ ಕೊಡಬೇಡಿ.

ನಿಮ್ಮ ಕಾಲದಲ್ಲೂ ಹೆಂಗಸರು ದುಡಿದಿದ್ದಾರೆ, ನನಗೆ ಗೊತ್ತಿಲ್ಲವೇ. ಗದ್ದೆಯ ಬದಿಯ ಮರಕ್ಕೆ ಜೋಳಿಗೆ ಕಟ್ಟಿ, ನೇಜಿ ನೆಡುತ್ತಾ ನಡುವೆ ಬಂದು ಕುಡಿಸಿ ಹೋಗುತ್ತಿದ್ದರು. ಮಗು ಕೂಗಿದರೆ ಕೇಳುವಷ್ಟು ದೂರದಲ್ಲಿ ಕೆಲಸ ಇತ್ತು. ಬ್ಯಾಂಕಿನ ಕೌಂಟರಿಗೆ ಮೊಮ್ಮಗನ ಕೂಗು ಕೇಳುವುದಿಲ್ಲ, ಅದಕ್ಕೇ ಈ ಫ್ರಿಜ್ಜು.

ಮಣ್ಣಿ ಆರು ತಿಂಗಳಿಗೆ ಕೊಡಿ, ಇನ್ನು ಒಂದೂವರೆ ತಿಂಗಳು ಮಾತ್ರ. ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ಕಾಯಿಸುವ ಹದ ಈಗಿನವರಿಗೆ ಬರುವುದಿಲ್ಲ, ನೀವೇ ಮಾಡಬೇಕು. ಜೇನು ಬೇಡ. ವರ್ಷ ತುಂಬುವ ಮೊದಲು ಅದು ಮಗುವಿಗೆ ಅಪಾಯ. ಬಜೆ ತೇಯ್ದು ನೆಕ್ಕಿಸುವುದೂ ಬೇಡ. ಸೆಖೆಗೆ ಬಾಯಾರುತ್ತದೆ ಎಂದು ಆರು ತಿಂಗಳವರೆಗೆ ನೀರು ಕೊಡಬೇಡಿ, ಎದೆಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ ಇದೆ.

ಪ್ರಶ್ನೆ: ಇದು ನನ್ನ ಮೂರನೇ ಹೆರಿಗೆ. ಆಫೀಸಿನಲ್ಲಿ 12 ವಾರ ಮಾತ್ರ ಎನ್ನುತ್ತಿದ್ದಾರೆ. ನಿಜವಾ?
– ತೊಕ್ಕೊಟ್ಟು

ಉತ್ತರ: ನಿಜ. ಇಬ್ಬರು ಮಕ್ಕಳಿದ್ದವರಿಗೆ 12 ವಾರ, ಅದರಲ್ಲಿ ಹೆರಿಗೆಗೆ ಮೊದಲು 6 ವಾರಕ್ಕಿಂತ ಹೆಚ್ಚಿಲ್ಲ. ಮೂರನೇ ಮಗುವಿನ ಹೊಟ್ಟೆಗೆ ತಾನು ಮೂರನೆಯವನು ಎಂದು ಹೇಗೆ ಗೊತ್ತಾಗಬೇಕೋ ನನಗೆ ತಿಳಿಯದು. ನೀವು ಆದಷ್ಟು ವಾರವನ್ನು ಹೆರಿಗೆಯ ನಂತರಕ್ಕೆ ಉಳಿಸಿ. ಸುರತ್ಕಲ್‌ನವರಿಗೆ ಹೇಳಿದ ಹಾಲು ತೆಗೆದಿಡುವ ಕ್ರಮವನ್ನು ಎರಡನೇ ತಿಂಗಳಿಂದಲೇ ಶುರು ಮಾಡಿ. ಫ್ರಿಜ್ಜಿಗಿಂತ ಫ್ರೀಜರ್ ನಿಮಗೆ ಹೆಚ್ಚು ಬೇಕಾಗುತ್ತದೆ. ಅಲ್ಲಿ ಆರು ತಿಂಗಳು ಇಡಬಹುದು, ಕರಗಿಸಿದ ಮೇಲೆ ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಬೇಕು.

ಪ್ರಶ್ನೆ: ನನ್ನ ಹೆಂಡತಿಗೆ ಕಂಪನಿಯಿಂದ 26 ವಾರ ಪೂರ್ತಿ ರಜೆ ಇದೆ. ಆದರೂ ಮೂರನೇ ವಾರಕ್ಕೇ ಹಾಲು ಸಾಲುತ್ತಿಲ್ಲ ಎಂದು ಪುಡಿ ಶುರು ಮಾಡಿದೆವು. ಸಂಜೆ ಆದರೆ ಮಗು ಅತ್ತು ಅತ್ತು ಸಾಕಾಗಿತ್ತು. ರಜೆ ಇದ್ದೂ ಪ್ರಯೋಜನ ಏನು?
– ಒಬ್ಬ ಅಪ್ಪ, ಮಣಿಪಾಲ

ಉತ್ತರ: ರಜೆ ಸಮಯ ಕೊಡುತ್ತದೆ, ಕೈ ಹಿಡಿದು ಕಲಿಸುವುದಿಲ್ಲ. ನಮ್ಮ ದೇಶದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ. ಆದರೂ 2019-21ರ ಸಮೀಕ್ಷೆಯಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು ಶೇಕಡ 41.8 ಮಕ್ಕಳಿಗೆ ಮಾತ್ರ. ಇದರಲ್ಲಿ ತಾಯಿಯ ತಪ್ಪು ಏನೂ ಇಲ್ಲ. ಅದು ನಮ್ಮ ಆಸ್ಪತ್ರೆಗಳವರು ತಲೆ ತಗ್ಗಿಸಬೇಕಾದ ಅಂಕಿ.

ಸಂಜೆಯ ಅಳುವನ್ನು ಹಾಲಿನ ಕೊರತೆ ಎಂದು ತಿಳಿಯಬೇಡಿ. ಮೊದಲ ತಿಂಗಳುಗಳಲ್ಲಿ ಹೆಚ್ಚಿನ ಮಕ್ಕಳು ಸಂಜೆಯ ಹೊತ್ತು ಮತ್ತೆ ಮತ್ತೆ ಎದೆಗೆ ಬರುತ್ತಾರೆ. ನೋಡಬೇಕಾದದ್ದು ಎರಡು. ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದೆಯಾ? ಹುಟ್ಟಿದ ತೂಕಕ್ಕೆ ಸುಮಾರು ಎರಡು ವಾರದಲ್ಲಿ ಮರಳಿ, ಆಮೇಲೆ ಏರುತ್ತಿದೆಯಾ? ಎರಡೂ ಸರಿ ಇದ್ದರೆ ಹಾಲು ಸಾಕು. ಮಗು ಮಂಕಾಗಿ ಮಲಗಿಯೇ ಇದ್ದರೆ, ಮೂತ್ರ ಕಡಿಮೆ ಇದ್ದರೆ, ಮೈ ಹಳದಿ ಕಂಡರೆ ಕಾಯದೆ ಡಾಕ್ಟರಿಗೆ ತೋರಿಸಿ.

ಈಗಲೂ ಹಾಲು ಹೆಚ್ಚಿಸಬಹುದು. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಮೊದಲು ಎದೆಗೆ ಹಾಕಿ, ಪುಡಿಯನ್ನು ತೂಕ ನೋಡುತ್ತಾ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ. ಡಾಕ್ಟರ ಸಲಹೆ ಜೊತೆಗಿರಲಿ. ಪುಡಿ ಡಬ್ಬಿಯ ಜಾಹೀರಾತು ಮತ್ತು ಉಚಿತ ಸ್ಯಾಂಪಲ್ 1992ರ ಕಾಯ್ದೆಯಂತೆ ನಿಷಿದ್ಧ, ಯಾರಾದರೂ ಕೈಗಿತ್ತರೆ ಬೇಡ ಎನ್ನಿ.

ನಿಮ್ಮ ರಜೆ ಎಲ್ಲಿ ಹೋಯಿತು? ಕೇಂದ್ರ ಸರ್ಕಾರಿ ನೌಕರನಾದ ಅಪ್ಪನಿಗೆ 15 ದಿನ ಇದೆ, ಖಾಸಗಿಯವರಿಗೆ ಕಾನೂನಿನಲ್ಲಿ ಏನೂ ಇಲ್ಲ. ಕಂಪನಿ ಕೊಟ್ಟಷ್ಟನ್ನು ಒಟ್ಟಿಗೆ ಮುಗಿಸಬೇಡಿ. ಬಾಣಂತಿ ತವರಿನಿಂದ ಬಂದ ಮೇಲೆ ನಾಲ್ಕು ದಿನ ಇಟ್ಟುಕೊಳ್ಳಿ. ರಾತ್ರಿ ಮಗುವನ್ನು ಎತ್ತಿ ಕೊಡುವುದು, ಕುಡಿದ ಮೇಲೆ ತೇಗಿಸುವುದು, ಬಟ್ಟೆ ಬದಲಿಸುವುದು ನಿಮ್ಮಿಂದ ಆಗುವ ಕೆಲಸ.

ಪ್ರಶ್ನೆ: ತೆಗೆದ ಹಾಲನ್ನು ಒಳಲೆಯಲ್ಲಿ ಕೊಡಬಹುದಾ, ಬಾಟಲಿಯೇ ಬೇಕಾ?
– ಬ್ರಹ್ಮಾವರ

ಉತ್ತರ: ಒಳಲೆಯೇ ಒಳ್ಳೆಯದು. ಬಾಟಲಿಯ ನಿಪ್ಪಲ್ಲು ತೊಳೆಯುವುದು ಕಷ್ಟ, ಅದಕ್ಕೆ ಒಗ್ಗಿದ ಕೆಲವು ಮಕ್ಕಳು ಎದೆಗೆ ಬರಲು ಹಟ ಮಾಡುತ್ತಾರೆ. ಮಗುವನ್ನು ಮಲಗಿಸಿ ಸುರಿಯಬೇಡಿ. ತೊಡೆಯ ಮೇಲೆ ತಲೆ ಎತ್ತಿ ಕೂರಿಸಿಕೊಂಡು, ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ, ಮಗು ನುಂಗಿದ ಮೇಲೆ ಇನ್ನಷ್ಟು ಕೊಡಿ. ಸ್ಟೀಲಿನದ್ದು ತೆಗೆದುಕೊಳ್ಳಿ. ಪ್ರತಿ ಸಲ ಸೋಪು ಹಾಕಿ ತೊಳೆದು ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಒರೆಸದೆ ಹಾಗೇ ಒಣಗಲು ಬಿಡಿ.